ಲೆಕ್ಕಕ್ಕಿಲ್ಲದ ದಿನಗಳು

ಬಾತುಕೋಳಿಯ ಹೊಟ್ಟೆಗೆ ತುಂಬಲು ಬದಿಯಾ ಈರುಳ್ಳಿ ಹುರಿಯುತ್ತಿದ್ದಳು. ಶುಕ್ರವಾರದ ಮಧ್ಯಾಹ್ನ ಬಾತುಕೋಳಿ ಬೇಯದ ಮನೆ ದುಮ್ಯಾತ್ ಊರಿನ ಮನೆಯೇ ಅಲ್ಲ ಎನ್ನುವ ಹೆಂಗಸು ಅವಳು. ಈರುಳ್ಳಿ ಕೆಂಪಗಾಗಿ ಘಮ್ಮೆಂದಿದ್ದೇ ತಡ, ಅಕ್ಕಿ ಆರಿಸುತ್ತಿದ್ದ ಸೊಸೆ ರಾವ್ಯಾ ತಟ್ಟೆಯನ್ನು ಅಲ್ಲೇ ಕುಕ್ಕಿ, ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು.

ಏಳು ಹೆತ್ತವಳಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬದಿಯಾ ಒಲೆ ಆರಿಸಿದಳು. ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದ ಮರದ ಪಟ್ಟಿಯ ಕಡೆ ಅವಳ ಕಣ್ಣು ತಾನಾಗಿ ಹೋಯಿತು.

ಗೇಣುದ್ದದ ಬೀಚ್ ಮರದ ಪಟ್ಟಿ. ಒಂದೇ ಸಾಲಿನಲ್ಲಿ ತೂತುಗಳು. ಮೊದಲ ಏಳು ಖಾಲಿ. ಆಮೇಲಿನ ಹನ್ನೆರಡರ ಸುತ್ತ ಕೆಂಪು ಬಣ್ಣ. ಅದರಾಚೆಗೆ ಮತ್ತೆ ಖಾಲಿ. ದಾರಕ್ಕೆ ಕಟ್ಟಿದ ಒಂದು ಸಣ್ಣ ಕಡ್ಡಿ. ಬದಿಯಾಳ ತೀರಿಹೋದ ಗಂಡ, ದೇವರು ಅವನಿಗೆ ಒಳ್ಳೆಯದು ಮಾಡಲಿ, ತನ್ನ ಕೈಯಾರೆ ಕೊರೆದದ್ದು. ದುಮ್ಯಾತಿನ ಮಂಚ ಕುರ್ಚಿಗಳ ಬಡಗಿಗಳಲ್ಲಿ ಅಳತೆಗೆ ಅವನ ಸಮ ಇನ್ನೊಬ್ಬರಿರಲಿಲ್ಲ. ಹೆಂಗಸು ಮುಟ್ಟು ನಿಂತು ತಲೆಗೆ ನೀರು ಹಾಕಿಕೊಂಡು ನಮಾಜಿಗೆ ನಿಂತ ದಿನ ಕಡ್ಡಿ ಮೊದಲ ತೂತಿಗೆ ಬರಬೇಕು. ದಿನಕ್ಕೊಂದು ತೂತು ಮುಂದೆ. ಏಳು ದಿನ ಗಂಡ ಬರಬಹುದು, ಕೆಂಪು ಹನ್ನೆರಡು ದಿನ ಬರಕೂಡದು, ಮತ್ತೆ ಬರಬಹುದು. ಮುಟ್ಟಿನ ದಿನಗಳಿಗೆ ತೂತೇ ಇಲ್ಲ. ಆಗ ಕಡ್ಡಿ ಸುಮ್ಮನೆ ದಾರದಲ್ಲಿ ಜೋತಾಡುತ್ತಿರುತ್ತದೆ.

ರಾವ್ಯಾ ಮುಖ ಒರೆಸಿಕೊಳ್ಳುತ್ತ ಬಂದಳು.

"ಕಡ್ಡಿ ಸರಿಸೋದು ಮರೆತೆಯೇನೇ?" ಎಂದಳು ಬದಿಯಾ.

"ಒಂದು ದಿನ ಮರೆತಿಲ್ಲ."

"ಮರೆಯದೆ ಇದು ಹೇಗಾಯ್ತು?"

"ನನ್ನ ಕೇಳ್ತೀರಾ ಅತ್ತೆ? ನಿಮ್ಮ ಪಟ್ಟಿ ಅದು. ಅದನ್ನ ಕೇಳಿ!"

ಬದಿಯಾ ಚೆಲ್ಲಿದ ಅಕ್ಕಿಯನ್ನು ತಟ್ಟೆಗೆ ಬಳಿದಳು. ಸೊಸೆಯ ಸಿಡುಕಿನ ಹಿಂದಿನ ಹೆದರಿಕೆ ಅವಳಿಗೆ ಗೊತ್ತಿತ್ತು. ರಾವ್ಯಾಳ ಮೂರನೆಯ ಮಗಳು ಹನಾ ಹುಟ್ಟಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆ ಹೆರಿಗೆ ಇದೇ ಮನೆಯಲ್ಲಿ, ಯಾರೂ ನೆನೆಸದ ಹೊತ್ತಿನಲ್ಲಿ, ಹೇಳಿದ ದಿನಕ್ಕಿಂತ ಒಂದು ವಾರ ಮೊದಲೇ ಆಗಿಹೋಗಿತ್ತು. ಗಂಡ ಸುಬ್ಹಿ ಊರಲ್ಲಿರಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎರಡು ಹಾಸಿಗೆ ನೆನೆದು ತೊಟ್ಟಿಕ್ಕುತ್ತಿದ್ದವು. ಮೂರು ವರ್ಷ ಬಸಿರು ಅನ್ನೋ ಮಾತು ಎತ್ತಬೇಡಿ, ಇನ್ನೊಂದು ಸಲ ಹೀಗಾದರೆ ನಾನು ಜವಾಬ್ದಾರಳಲ್ಲ ಎಂದು ಡಾಕ್ಟರಮ್ಮ ಬೈದು ಕಳಿಸಿದ್ದಳು.

ಮಾತ್ರೆ ನುಂಗಿದರೆ ರಾವ್ಯಾಳಿಗೆ ತಲೆ ಸಿಡಿಯುತ್ತಿತ್ತು. ಕಾಪರ್-ಟಿ ಹಾಕಿಸಿಕೊಂಡಳು, ತಿಂಗಳಿಗೆ ಹನ್ನೆರಡು ದಿನ ರಕ್ತ. ಹನ್ನೆರಡು ದಿನ ನಮಾಜಿಲ್ಲ, ಹನ್ನೆರಡು ದಿನ ಗಂಡನಿಗೆ ಹಾಸಿಗೆಯಿಲ್ಲ. ಸುಬ್ಹಿ ಮುಖ ಊದಿಸಿಕೊಂಡು ತಿರುಗಾಡತೊಡಗಿದ. ಆಗ ಬದಿಯಾಳೇ ಮುಂದೆ ನಿಂತು ಅದನ್ನು ತೆಗೆಸಿ, ಪೆಟ್ಟಿಗೆಯಿಂದ ಈ ಪಟ್ಟಿಯನ್ನು ಹುಡುಕಿ ಕೊಟ್ಟದ್ದು. "ಒಳಗೆ ಏನೂ ತುರುಕೋದು ಬೇಡ ಕಣೇ. ದೇವರು ಕೊಟ್ಟ ಮೈಗೆ ದೇವರೇ ಲೆಕ್ಕ ಇಟ್ಟಿದ್ದಾನೆ. ಎಣಿಸಿದರೆ ಸಾಕು" ಎಂದಿದ್ದಳು. ಐದು ತಿಂಗಳು ಏನೂ ಆಗಲಿಲ್ಲ. ಆ ಐದು ತಿಂಗಳು ಬೀದಿಯ ಹೆಂಗಸರ ಮುಂದೆಲ್ಲ ಬದಿಯಾ ಹೆಮ್ಮೆ ಕೊಚ್ಚಿಕೊಂಡಿದ್ದಳು.

ಪಟ್ಟಿ ಬಂದ ಮೇಲೂ ತಾನು ನಾಲ್ಕು ಹೆತ್ತದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅದು ಪಟ್ಟಿಯ ತಪ್ಪಲ್ಲವಲ್ಲ. "ನಿನಗೆ ಎಣಿಸೋಕೆ ಬರಲ್ಲ" ಎಂದು ಗಂಡ ಪ್ರತಿ ಸಲವೂ ಹೇಳುತ್ತಿದ್ದ. ಇರಬಹುದು ಎಂದುಕೊಂಡು ಅವಳು ಬಾಳಿದ್ದಳು.

ಮುಂದಿನ ಶನಿವಾರ ಸುಬ್ಹಿಯೇ ಹೆಂಡತಿಯನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದ. ಹಿಂದಿನ ಮೂರಕ್ಕೂ ಹೋಗಿರಲಿಲ್ಲ. ಈ ಸಲ ಹೆದರಿದ್ದ. ಹೋಗುವಾಗ ಮೆಟ್ಟಿಲ ಮೇಲೆ ಅವಳ ಮೊಣಕೈ ಹಿಡಿದುಕೊಂಡಿದ್ದ. ಬರುವಾಗ ಅವಳಿಗಿಂತ ಹತ್ತು ಹೆಜ್ಜೆ ಮುಂದಿದ್ದ.

ಊಟಕ್ಕೆ ಮೀನು, ಈರುಳ್ಳಿ ಕಂದಿಸಿ ಮಾಡಿದ ಅನ್ನ. ಸುಬ್ಹಿ ಕೈ ಹಾಕಲಿಲ್ಲ.

"ಎಂಟು ವಾರ ಅಂದರು" ಎಂದ.

"ಆರೋಗ್ಯವಾಗಿದೆಯಂತಾ?" ಎಂದಳು ಬದಿಯಾ.

"ಎಂಟು ವಾರ ಅಮ್ಮ! ಇವತ್ತಿಗೆ ಎಂಟು ವಾರ ಹಿಂದೆ ಯಾವತ್ತು? ಅಕ್ಟೋಬರ್ ಐದು. ಅಕ್ಟೋಬರ್ ಐದಕ್ಕೆ ನಾನೆಲ್ಲಿದ್ದೆ?"

ಅಕ್ಟೋಬರ್ ಮೊದಲ ವಾರ ಅವನು ಕೈರೋದಲ್ಲಿದ್ದ. ಯಾರದೋ ಮದುವೆಯ ಮನೆಗೆ ಮಂಚ, ಬೀರು, ಊಟದ ಮೇಜು ಜೋಡಿಸಲು ಹೋಗಿ ಹತ್ತು ದಿನ ಅಲ್ಲೇ ಉಳಿದು, ಹತ್ತನೇ ತಾರೀಖು ಗುರುವಾರ ಬಂದಿದ್ದ.

ರಾವ್ಯಾ ಅರ್ಥವಾಗದವಳಂತೆ ಗಂಡನ ಮುಖ ನೋಡಿದಳು. ಅರ್ಥವಾದಾಗ ಅವಳ ಮುಖ ಕಿವಿಯವರೆಗೂ ಕೆಂಪೇರಿತು.

"ಮನಾರಳ ಅಪ್ಪ, ನೀವು ಏನು ಹೇಳ್ತಾ ಇದೀರಿ ಅಂತ ಗೊತ್ತಾ ನಿಮಗೆ?"

"ನಾನು ಹೇಳ್ತಿಲ್ಲ. ಮೆಷಿನ್ನು ಹೇಳ್ತಿದೆ."

"ಆ ವಾರ ನಾನು ಮುಟ್ಟಾಗಿದ್ದೆ! ನಮಾಜು ಬಿಟ್ಟಿದ್ದೆ. ಅತ್ತೆ ನೋಡಿದಾರೆ!"

"ಮುಟ್ಟಾಗಿದ್ದವಳಿಗೆ ಬಸಿರು ನಿಂತಿತಾ? ಎಣಿಸೋಕೇ ಬರಲ್ಲ ನಿನಗೆ. ಸುಳ್ಳಾದರೂ ಸರಿಯಾಗಿ ಎಣಿಸಿ ಹೇಳಬಾರದಾ?"

ಹನ್ನೊಂದು ವರ್ಷದ ಹಿರಿಮಗಳು ಮನಾರ್ ಅನ್ನದ ಚಮಚ ಹಿಡಿದು ಹಾಗೇ ಕೂತಿದ್ದಳು. ರಾವ್ಯಾ ಅತ್ತೆಯ ಕಡೆ ತಿರುಗಿದಳು. "ಹೇಳಿ ಅತ್ತೆ. ನೋಡಿದ್ರಿ ಅಲ್ವಾ? ನೀವು ನಮಾಜಿಗೆ ಚಾಪೆ ಹಾಸುವಾಗೆಲ್ಲ ನಾನು ಪಾತ್ರೆ ತೊಳೀತಾ ಇದ್ದೆ ಅಲ್ವಾ?"

ಬದಿಯಾ ನೋಡಿದ್ದಳು, ನಿಜ. ನಮಾಜು ಬಿಟ್ಟಿದ್ದನ್ನು ನೋಡಿದ್ದಳು. ರಕ್ತ ನೋಡಿದವರು ಯಾರು? ಮೆಷಿನ್ನು ಸುಳ್ಳು ಹೇಳುತ್ತದೆಯೇ? ಅವಳು ಮೀನಿನ ಮುಳ್ಳು ಬಿಡಿಸುತ್ತ ತಲೆ ತಗ್ಗಿಸಿದಳು.

"ಅತ್ತೆ!"

"ನಂಗೇನು ಗೊತ್ತಮ್ಮ" ಎಂದಳು ಬದಿಯಾ.

ರಾವ್ಯಾ ಎದ್ದು ನಿಂತಳು. "ಸರಿ. ಕೇಳು ಸುಬ್ಹಿ" ಎಂದಳು. ಹನ್ನೆರಡು ವರ್ಷದಲ್ಲಿ ಅವಳು ಗಂಡನನ್ನು ಹೆಸರು ಹಿಡಿದು, ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ನಾನು ಅಣ್ಣನ ಮನೆಗೆ ಹೋಗಲ್ಲ. ಹೋದರೆ ಒಪ್ಪಿಕೊಂಡಳು ಅಂತೀಯ. ಈ ಮನೆಯ ನೆಲ ನಾನು ಒರೆಸಿದ್ದು. ಹೋಗೋದಿದ್ದರೆ ನೀನೇ ಹೋಗು."

ಅವನು ಹೋದ. ದೂರವೇನಲ್ಲ, ಮೂರು ಮಹಡಿ ಇಳಿದು ಕೆಳಗಿನ ಕಾರ್ಖಾನೆಗೆ. ಮಾರಾಟವಾಗದೆ ಉಳಿದ ಒಂದು ಸೋಫಾದ ಮೇಲೆ, ಅಂಟು ಮತ್ತು ವಾರ್ನಿಶ್ ವಾಸನೆಯ ನಡುವೆ ಮಲಗತೊಡಗಿದ.

ಆಮೇಲಿನ ಎರಡು ವಾರ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಅದೂ ಎತ್ತಿ ಕುಕ್ಕುವ ಮಾತು. ರಾವ್ಯಾ ತನಗೂ ಮಕ್ಕಳಿಗೂ ಅಡುಗೆ ಮಾಡಿಕೊಂಡಳು. ಗಂಡನ ಬಟ್ಟೆ ಬುಟ್ಟಿಯಲ್ಲಿ ಕೊಳೆಯಿತು.

"ಅವನಿಗೂ ಒಂದು ಹಿಡಿ ಅಕ್ಕಿ ಹಾಕಬಾರದೇನೇ?" ಎಂದಳು ಬದಿಯಾ ಒಂದು ದಿನ.

"ಕೆಟ್ಟವಳ ಕೈಯಡುಗೆ ಅವನಿಗ್ಯಾಕೆ ಅತ್ತೆ? ಮೈಲಿಗೆ ಆಗಲ್ವಾ?"

"ಬಾಯಿ ಬಿಗಿ ಹಿಡಿ. ಮಕ್ಕಳಿದ್ದಾರೆ."

"ಅವನು ಅಂದಾಗಲೂ ಮಕ್ಕಳಿದ್ದರು. ಆಗ ನಿಮ್ಮ ಬಾಯಿ ಬಿಗಿಯಾಗೇ ಇತ್ತು."

ಬದಿಯಾಳ ಮೈಯೆಲ್ಲ ಉರಿದುಹೋಯಿತು. ಮೊಣಕಾಲು ನೋಯಿಸಿಕೊಂಡು ತಾನೇ ಮಗನಿಗೆ ಹುರುಳಿಕಾಯಿ ಬೇಯಿಸಿ, ಬ್ರೆಡ್ಡು, ಉಪ್ಪಿನ ಗಿಣ್ಣು ಜೋಡಿಸಿ, ಮನಾರಳ ಕೈಯಲ್ಲಿ ತಟ್ಟೆ ಕಳಿಸಿದಳು. ಮನಾರ್ ಖಾಲಿ ತಟ್ಟೆ ಹೊತ್ತು ವಾಪಸು ಬಂದು ಕೇಳಿದಳು, "ಅಜ್ಜಿ, ಅಮ್ಮ ಏನು ತಪ್ಪು ಎಣಿಸಿದಳು? ನನಗೆ ಗುಣಾಕಾರ ಹೇಳಿಕೊಡೋದು ಅಮ್ಮನೇ."

ಬದಿಯಾ ಆ ತಟ್ಟೆ ಇಸಿದುಕೊಂಡು ತೊಳೆಯಲು ಹೋದಳು. ಸೋಫಾಗಳಿಗೆ ಗುಂಡಿ ಹೊಲಿಯುವ ಕೆಲಸ ಮನೆಯಲ್ಲಿ ಮಾಡುವುದು ರಾವ್ಯಾಳೇ. ಸಾಲಿಗೆ ಇಷ್ಟು, ಬೆನ್ನಿಗೆ ಇಷ್ಟು ಎಂದು ಬೆರಳಲ್ಲೇ ಅಳೆದು ಹೊಲಿದರೆ ಒಂದು ಗುಂಡಿಯೂ ಅತ್ತಿತ್ತ ಆಗುತ್ತಿರಲಿಲ್ಲ. ಅಂಥವಳಿಗೆ ಏಳು ಮತ್ತು ಹನ್ನೆರಡು ಎಣಿಸಲು ಬರಲಿಲ್ಲವೇ? ಯೋಚಿಸಿದಷ್ಟೂ ಮುದುಕಿಗೆ ಸಿಟ್ಟು ಬಂತು. ಎಣಿಕೆ ತಪ್ಪಿಲ್ಲ ಎಂದಾದರೆ ಸೊಸೆ ತಪ್ಪಿದ್ದಾಳೆ. ಸೊಸೆ ತಪ್ಪಿಲ್ಲ ಎಂದಾದರೆ? ಅಲ್ಲಿಂದ ಮುಂದೆ ಅವಳ ಯೋಚನೆ ಹೋಗುತ್ತಿರಲಿಲ್ಲ.

ಡಿಸೆಂಬರ್ ಹದಿನಾಲ್ಕನೇ ತಾರೀಖು ಬಸುರಿಯ ಕಾರ್ಡು ಮಾಡಿಸಲು ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಹೋಗಬೇಕಿತ್ತು. ರಾವ್ಯಾ ಒಬ್ಬಳೇ ಹೊರಟಳು. ಬದಿಯಾ ಶಾಲು ಹೊದ್ದು ಹಿಂದೆಯೇ ಇಳಿದಳು. ಶಾಲಿನ ಒಳಗೆ ಮರದ ಪಟ್ಟಿ ಇತ್ತು. ತಿಳಿದವರ ಕೈಲೇ ಇದಕ್ಕೆ ತೀರ್ಮಾನ ಹೇಳಿಸಿಬಿಡಬೇಕು ಎಂದು ಅವಳ ಹಟ.

ಕೇಂದ್ರದ ನರ್ಸು ಇಖ್ಲಾಸ್ ದಪ್ಪ ಹೆಂಗಸು. ಮುಂದೆ ಚಹಾದ ಲೋಟ, ಪಕ್ಕದಲ್ಲಿ ಕಾರ್ಡುಗಳ ಕಟ್ಟು. ತಲೆಯೆತ್ತದೆ ಕೇಳುತ್ತಿದ್ದಳು.

"ಕೊನೇ ಮುಟ್ಟು ಯಾವತ್ತು?"

"ಅಕ್ಟೋಬರ್ ಹನ್ನೊಂದು, ಶುಕ್ರವಾರ" ಎಂದಳು ರಾವ್ಯಾ.

"ಹನ್ನೊಂದಕ್ಕೆ ರಕ್ತ ಕಂಡಿತಾ?"

"ಅಲ್ಲ, ಅವತ್ತು ಸ್ನಾನ ಮಾಡಿದೆ."

ನರ್ಸು ಈಗ ತಲೆಯೆತ್ತಿದಳು. "ಸ್ನಾನ ಯಾರು ಕೇಳಿದರಮ್ಮ? ನೀನು ಸ್ನಾನ ಮಾಡಿದರೇನು ಬಿಟ್ಟರೇನು ಸರ್ಕಾರಕ್ಕೆ! ರಕ್ತ ಶುರುವಾಗಿದ್ದು ಯಾವತ್ತು?"

"ಅದಕ್ಕೆ ಆರು ದಿನ ಮೊದಲು. ಶನಿವಾರ."

"ಐದನೇ ತಾರೀಖು. ಹಾಗೆ ಹೇಳು." ಅವಳು ಬರೆದುಕೊಂಡಳು. "ಇವತ್ತಿಗೆ ಹತ್ತು ವಾರ."

ಬದಿಯಾ ಬೆಂಚಿನಿಂದ ಎದ್ದಳು. "ಏನಂದೆ? ಐದನೇ ತಾರೀಖಿನಿಂದ ಎಣಿಸಿದೆಯಾ?"

"ಇನ್ಯಾವತ್ತಿನಿಂದ ಎಣಿಸಲಿ ಅಜ್ಜಿ?"

"ಅವತ್ತು ಬಸಿರು ಇರಲೇ ಇಲ್ಲವಲ್ಲೇ! ಅವತ್ತು ಮುಟ್ಟು!"

"ಇರಲ್ಲ. ಬಸಿರು ನಿಲ್ಲೋದು ಅದಾಗಿ ಹೆಚ್ಚುಕಡಿಮೆ ಎರಡು ವಾರಕ್ಕೆ. ಅದು ಯಾವ ಗಳಿಗೇಲಿ ನಿಂತಿತು ಅಂತ ಯಾರಿಗೆ ಗೊತ್ತಾಗುತ್ತೆ? ರಕ್ತ ಕಂಡ ದಿನ ಗೊತ್ತಿರುತ್ತೆ. ಅದಕ್ಕೆ ವಾರ ಎಣಿಸೋದು ಅಲ್ಲಿಂದ. ಡಾಕ್ಟರು, ಮೆಷಿನ್ನು, ನಾನು, ಎಲ್ಲರೂ."

ರಾವ್ಯಾ ಮೇಜಿನ ಅಂಚು ಹಿಡಿದುಕೊಂಡಳು. "ಎರಡು ವಾರಕ್ಕೆ ಅಂದ್ರೆ ಹತ್ತೊಂಬತ್ತರ ಸುಮಾರು" ಎಂದಳು ನಿಧಾನವಾಗಿ. "ಅವನು ಬಂದಿದ್ದು ಹತ್ತಕ್ಕೆ. ಕೇಳಿದ್ರಾ ಅತ್ತೆ? ಕೇಳಿಸಿತಾ?"

ಕೇಳಿಸಿತ್ತು. ಬದಿಯಾ ಶಾಲಿನೊಳಗಿಂದ ಪಟ್ಟಿ ತೆಗೆದು ನರ್ಸಿನ ಮುಂದೆ ಇಟ್ಟಳು. "ಇದು ಏನು ಅಂತ ಹೇಳು. ಕಡ್ಡಿ ಸ್ನಾನದ ದಿನ ಇಲ್ಲಿಂದ ಹೊರಡುತ್ತೆ. ಏಳು ದಿನ ಗಂಡ ಬರಬಹುದು. ಕೆಂಪಲ್ಲಿ ಬರಬಾರದು. ಇವಳಿಗೆ ಬಸಿರು ನಿಂತರೆ ಜೀವಕ್ಕೇ ಅಪಾಯ ಅಂತ ಐದು ತಿಂಗಳು ಇದನ್ನೇ ಎಣಿಸಿದ್ವಿ."

ನರ್ಸು ಪಟ್ಟಿಯನ್ನು ತಿರುಗಿಸಿ ನೋಡಿದಳು. ಮೊದಲು ನಗು ಬಂತು. ರಾವ್ಯಾಳ ಮುಖ ನೋಡಿ ನಗು ನುಂಗಿದಳು.

"ಅಂಕಿ ಸರಿಯಾಗೇ ಇದೆ. ಹೊರಡೋ ಜಾಗವೇ ತಪ್ಪು. ಏಳು ದಿನ ಅಂದ್ರೆ ರಕ್ತ ಕಂಡ ದಿನದಿಂದ ಏಳು. ನೀವು ರಕ್ತ ನಿಂತ ಮೇಲೆ ಏಳು ಹಿಡಿದಿದ್ದೀರಿ. ಅವೇ ಬಸಿರು ನಿಲ್ಲೋ ದಿನಗಳು ಕಣಮ್ಮ! ಬಾಗಿಲು ಹಾರುಹೊಡೆದಿಟ್ಟು, ಕಳ್ಳ ಹೋದಮೇಲೆ ಹನ್ನೆರಡು ದಿನ ಬೀಗ ಹಾಕಿದ್ದೀರಿ. ಐದು ತಿಂಗಳು ನಿಲ್ಲದೆ ಇದ್ದದ್ದೇ ಪುಣ್ಯ. ಸರಿಯಾಗಿ ಎಣಿಸಿ, ತಿಂಗಳೂ ಸರಿಯಾಗಿ ಆಗ್ತಿದ್ದು, ಗಂಡನೂ ಮಾತು ಕೇಳೋನಾದ್ರೆ ಎಷ್ಟೋ ಜನಕ್ಕೆ ನಡೆಯುತ್ತೆ. ಆದ್ರೆ ಜೀವಕ್ಕೆ ಅಪಾಯ ಇರೋಳು ಬರೀ ಎಣಿಕೆ ನಂಬಿ ಕೂರಬಾರದು."

ಕಾರ್ಡಿನ ಹಿಂದೆ ಅವಳು ಇನ್ನೊಂದು ತಾರೀಖು ಬರೆದಳು. "ಜುಲೈ ಹನ್ನೆರಡಕ್ಕೆ ದಿನ ತುಂಬುತ್ತೆ. ಹಿಂದಿನ ಮೂರೂ ಹೇಗಾದವು?"

"ಮೂರೂ ಒಂದು ವಾರ ಮೊದಲೇ" ಎಂದಳು ರಾವ್ಯಾ. "ನಮ್ಮ ಮನೆ ಮಕ್ಕಳಿಗೆ ಅವಸರ ಅಂತ ಎಲ್ಲರೂ ನಗ್ತಾರೆ."

"ಎಲ್ಲಿಂದ ಎಣಿಸಿ?"

"ಸ್ನಾನದ ದಿನದಿಂದ" ಎಂದಳು ರಾವ್ಯಾ.

"ಮೊದಲಲ್ಲಮ್ಮ. ಅವು ಸರಿಯಾದ ದಿನಕ್ಕೇ ಬಂದಿವೆ. ನೀವು ತಡವಾಗಿ ಕಾದಿದ್ದೀರಿ."

ಹಿಂದಿರುಗುವ ದಾರಿಯಲ್ಲಿ ರಾವ್ಯಾ ಮುಂದೆ, ಪಟ್ಟಿ, ಕಾರ್ಡು ಎರಡನ್ನೂ ಶಾಲಿನೊಳಗೆ ಇಟ್ಟುಕೊಂಡ ಬದಿಯಾ ಹಿಂದೆ. ಮೀನಿನ ಅಂಗಡಿಗಳ ಹತ್ತಿರ ರಾವ್ಯಾ ತಟ್ಟನೆ ನಿಂತಳು.

"ಹನಾ ಹುಟ್ಟಿದಾಗ ಕಾರು ಗೊತ್ತು ಮಾಡಿರಲಿಲ್ಲ, ನೆನಪಿದೆಯಾ ಅತ್ತೆ? ಇನ್ನೂ ವಾರ ಇದೆ ಬಿಡು ಅಂದ್ರಿ. ಇನ್ನೂ ವಾರ ಇದೆ ಅಂತ ಅವನು ಊರು ಬಿಟ್ಟು ಹೋದ. ನಾನು ಸಾಯ್ತಾ ಇದ್ದೆ! ಈ ದರಿದ್ರ ಹಲಗೆಗೆ ನಾನು ಎರಡು ಸಲ ಸಾಯಬೇಕಿತ್ತಾ?"

"ಆಗ ನಿನಗೆ ಹಲಗೆ ಕೊಟ್ಟಿರಲಿಲ್ಲವಲ್ಲೇ."

"ಹಲಗೆ ಕೊಟ್ಟಿರಲಿಲ್ಲ. ಎಣಿಕೆ ಕೊಟ್ಟಿದ್ರಿ. ಮದುವೆಯಾಗಿ ಬಂದ ತಿಂಗಳೇ, ಸ್ನಾನದ ದಿನ ನೆನಪಿಟ್ಟುಕೋ ಅಂತ."

ಮೀನು ಕೊಳ್ಳುವವರು ತಿರುಗಿ ನೋಡಿದರು. ನೋಡಲಿ ಎಂದು ರಾವ್ಯಾ ಹೊರಟುಹೋದಳು. ಬದಿಯಾ ಅಲ್ಲೇ ಗೋಡೆಗೆ ಒರಗಿ ನಿಂತಳು. ನಲವತ್ತು ವರ್ಷದ ಹಿಂದಿನ ಒಂದು ಸಂಜೆ ಅವಳ ಕಣ್ಣಿಗೆ ಕಟ್ಟಿತು. ಯಾವುದೋ ಶಿಬಿರದಲ್ಲಿ ಡಾಕ್ಟರು ಹೇಳಿದ ಅಂಕಿಗಳನ್ನು ಅವಳೇ ಬಾಯಿಪಾಠ ಮಾಡಿಕೊಂಡು ಬಂದು ಗಂಡನಿಗೆ ಒಪ್ಪಿಸಿದ್ದಳು. ಅವನು ಪಟ್ಟಿ ಕೊರೆಯುವಾಗ ಪಕ್ಕದಲ್ಲೇ ಕೂತಿದ್ದಳು. ಒಂದು ಪ್ರಶ್ನೆ ಕೇಳಿಯೂ ಇದ್ದಳು. ಅವನು ಕೊಟ್ಟ ಉತ್ತರ ಈಗ, ನಿನ್ನೆ ಆಡಿದಂತೆ, ಕಿವಿಯಲ್ಲಿತ್ತು. ಅಳತೆಯಲ್ಲಿ ಕೂದಲೆಳೆ ತಪ್ಪದ ಗಂಡಸು! ಆಮೇಲೆ ಹುಟ್ಟಿದ ನಾಲ್ವರಲ್ಲಿ ಇಬ್ಬರನ್ನು ಅವಳು ಮಣ್ಣಿಗೆ ಕೊಟ್ಟಿದ್ದಳು. ಪ್ರತಿ ಬಸಿರಿಗೂ, ನಿನಗೆ ಎಣಿಸೋಕೆ ಬರಲ್ಲ ಎಂಬ ಬೈಗುಳ. ಬೈಗುಳ ನುಂಗಿ ನುಂಗಿ, ಕೊನೆಗೆ ಅದನ್ನೇ ಮಗನಿಗೂ ಉಣಿಸಿ ಬೆಳೆಸಿದ್ದಳು.

ಅವಳು ಮನೆ ಮೆಟ್ಟಿಲು ಹತ್ತಲಿಲ್ಲ. ನೇರ ಕಾರ್ಖಾನೆಗೆ ಹೋದಳು. ಸುಬ್ಹಿ ಒಂದು ಕುರ್ಚಿಯ ಕಾಲು ಉಜ್ಜುತ್ತಿದ್ದ.

"ಏಳೋ ಮೇಲೆ."

"ಏನಾಯ್ತಮ್ಮ?"

"ಮೆಷಿನ್ನು ಎಂಟು ವಾರ ಅಂದದ್ದು ಮುಟ್ಟಿನ ಮೊದಲ ದಿನದಿಂದ. ಬಸಿರು ನಿಂತದ್ದು ನೀನು ಬಂದ ಮೇಲೆ. ಕಾರ್ಡಲ್ಲಿ ಬರೆದಿದೆ, ಓದು. ಓದೋಕೆ ಬರುತ್ತಲ್ಲ ನಿನಗೆ?"

ಅವನು ಓದಿದ. ಉಜ್ಜುವ ಕಾಗದ ಕೈಯಿಂದ ಜಾರಿತು. "ನನಗೇನು ಗೊತ್ತಿತ್ತು?" ಎಂದ.

"ಗೊತ್ತಿಲ್ಲದ್ದನ್ನ ಅಷ್ಟು ಜೋರಾಗಿ ಹೇಳಿದೆಯಲ್ಲೋ!"

ಊಟದ ಹೊತ್ತಿಗೆ ಅವನು ಬಂದ. ಮೇಜಿನ ಮೇಲೆ ಮುಲೂಖಿಯ ಸೊಪ್ಪಿನ ಸಾರು, ಅನ್ನ. ತಟ್ಟೆಗಳು ಐದು: ಮೂವರು ಮಕ್ಕಳಿಗೆ, ಅತ್ತೆಗೆ, ರಾವ್ಯಾಳಿಗೆ. ಅವನಿಗೆ ಇರಲಿಲ್ಲ.

"ಆಯ್ತು ಬಿಡು ರಾವ್ಯಾ, ತಪ್ಪಾಯ್ತು" ಎಂದ, ನಿಂತುಕೊಂಡೇ.

"ಏನು ತಪ್ಪಾಯ್ತು?"

"ಅದೇ, ಲೆಕ್ಕ ತಪ್ಪಾಯ್ತು."

"ಲೆಕ್ಕ ಅಲ್ಲ. ಇದೇ ಮೇಜಲ್ಲಿ, ಈ ಮಗು ಎದುರು ನೀನು ಏನು ಅಂದೆ, ಅದು ಸುಳ್ಳು ಅಂತ ಈ ಮಗು ಎದುರೇ ಹೇಳು."

ಸುಬ್ಹಿ ಮನಾರಳ ಕಡೆ ನೋಡಿದ. "ನಿಮ್ಮಮ್ಮನ ಮೇಲೆ ನಾನು ಹೊರಿಸಿದ್ದು ಸುಳ್ಳು" ಎಂದ. "ಅವಳಿಗೆ ಎಣಿಸೋಕೆ ಬರುತ್ತೆ."

"ನನಗೆ ಗೊತ್ತು" ಎಂದಳು ಮನಾರ್.

ಏನಾದರೂ ಮಾಡಬೇಕೆನ್ನಿಸಿ ಸುಬ್ಹಿ, ಅಮ್ಮ ಮೇಜಿನ ಮೇಲೆ ಇಟ್ಟಿದ್ದ ಪಟ್ಟಿಯನ್ನು ಎತ್ತಿಕೊಂಡ. ಬಡಗಿಯ ಕೈ, ಹೆಬ್ಬೆರಳು ತಾನಾಗಿ ಅಂಚು ಸವರಿತು. "ಹೆರಿಗೆ ಆದಮೇಲೆ ಬೇಕಾಗುತ್ತಲ್ಲ. ಮುಟ್ಟಿನ ದಿನಗಳಿಗೆ ಇದರ ಮುಂದೆ ಇನ್ನಾರು ತೂತು ಕೊರೆದು, ಕೆಂಪನ್ನೂ ಆರು ತೂತು ಈಚೆಗೆ ತಂದರೆ ಸರಿಹೋಯ್ತು" ಎಂದ. ಮತ್ತೆ ನೋಡಿ ಹುಬ್ಬು ಗಂಟಿಕ್ಕಿದ. ಮೊದಲ ತೂತು ಪಟ್ಟಿಯ ತುದಿಗೇ ಇತ್ತು. "ಅಮ್ಮ, ಇಲ್ಲಿ ಮುಂದೆ ಮರವೇ ಇಲ್ಲ. ಎಲ್ಲಿ ಕೊರೀಲಿ? ಅಪ್ಪ ಜಾಗವೇ ಬಿಟ್ಟಿಲ್ಲ."

"ಬಿಟ್ಟಿಲ್ಲ" ಎಂದಳು ಬದಿಯಾ. ಅವಳ ದನಿ ಏರಿತು. "ಕೊರೆಯುವಾಗ ನಾನು ಕೇಳಿದೆ ಕಣೋ. ಮುಟ್ಟಿನ ದಿನಗಳಿಗೆ ತೂತು ಬೇಡವಾ ಅಂತ ಕೇಳಿದೆ. 'ಆ ದಿನ ನಾನು ನಿನ್ನ ಹತ್ತಿರ ಬರೋ ಹಾಗಿಲ್ಲವಲ್ಲ, ಅವು ನನಗೆ ಲೆಕ್ಕಕ್ಕಿಲ್ಲ' ಅಂದರು ನಿಮ್ಮಪ್ಪ. ನಾನು ಸುಮ್ಮನಾದೆ. ನಾಲ್ಕು ಹೆತ್ತೆ. ಎರಡು ಹೂತೆ. ಮೊನ್ನೆ ಇವಳು ಇದೇ ಮೇಜಲ್ಲಿ ಅದೇ ದಿನಗಳಿಗೆ ಸಾಕ್ಷಿ ಹೇಳಿ ಅಂದಳು. ನಾನು ಮತ್ತೆ ಸುಮ್ಮನಾದೆ." ಅವಳು ಮಗನ ಕೈಯಲ್ಲಿದ್ದ ಪಟ್ಟಿಯನ್ನು ಬೆರಳಿಂದ ಕುಟ್ಟಿದಳು. "ಮುರಿ ಅದನ್ನ."

"ಅಪ್ಪನ ಕೈಕೆಲಸ ಅಮ್ಮ."

"ಅದಕ್ಕೇ. ಮುರಿಯೋ!"

ಬೀಚ್ ಮರ, ಸುಲಭಕ್ಕೆ ಬಗ್ಗಲಿಲ್ಲ. ಮೊಣಕಾಲಿಗೆ ಕೊಟ್ಟು ಒತ್ತಿದಾಗ ಕೆಂಪು ಬಣ್ಣದ ಹತ್ತಿರ ಲಟಕ್ಕನೆ ತುಂಡಾಯಿತು. ಸಣ್ಣವಳು ಹನಾ ಬೆಚ್ಚಿ ಅಳತೊಡಗಿದಳು. ರಾವ್ಯಾ ಅವಳನ್ನು ಸೊಂಟಕ್ಕೆ ಹಾಕಿಕೊಂಡು, ಒಂದು ಕೈಯಲ್ಲಿ ಮಕ್ಕಳಿಗೆ ಬಡಿಸಿದಳು. ಅತ್ತೆಯ ತಟ್ಟೆಯ ಹತ್ತಿರ ಅವಳ ಸೌಟು ಒಂದು ಗಳಿಗೆ ನಿಂತಿತು, ಆಮೇಲೆ ಬಡಿಸಿದಳು.

"ಜುಲೈ ಹನ್ನೆರಡು. ಜೂನ್ ಮುಗಿದಮೇಲೆ ನೀನು ಈ ಊರು ಬಿಟ್ಟು ಕದಲಬಾರದು" ಎಂದಳು ಗಂಡನಿಗೆ. "ಹೆರಿಗೆ ಮುಗಿದು ನಾನು ಉಳಿದರೆ ಕಾಪರ್-ಟಿ ಹಾಕಿಸಿಕೊಳ್ತೀನಿ. ಹನ್ನೆರಡು ದಿನ ರಕ್ತ ಬರಲಿ, ಇಪ್ಪತ್ತು ದಿನ ಬರಲಿ. ಆ ದಿನಗಳನ್ನ ಇನ್ನು ನೀನು ಎಣಿಸು."

ಸುಬ್ಹಿ ತಲೆ ಆಡಿಸಿದ. ಕುರ್ಚಿ ಎಳೆದು ಕೂತು, ತನ್ನ ಮುಂದಿನ ಖಾಲಿ ಜಾಗವನ್ನೂ ಹೆಂಡತಿಯ ಕೈಯಲ್ಲಿದ್ದ ಸೌಟನ್ನೂ ನೋಡಿದ.

ರಾವ್ಯಾ ಸೌಟನ್ನು ಪಾತ್ರೆಗೆ ಹಾಕಿ, ಪಾತ್ರೆಯನ್ನು ಅವನ ಕಡೆ ತಳ್ಳಿದಳು.

"ತಟ್ಟೆ ಅಡುಗೆಮನೇಲಿದೆ" ಎಂದಳು. "ಎದ್ದು ತಗೋ."